ಗಾಜಿನ ಔಷಧಿ

"ನೀರು ಹಾಕಿಲ್ಲ ಸಾರ್, ಗಾಜಿನ ಔಷಧಿನೇ ಹೊಡ್ದಿದ್ದು."

ಆಯುಧಪೂಜೆಯ ರಜೆ ಕಳೆದು ಕಚೇರಿ ತೆರೆದ ದಿನ ಕಸ ಗುಡಿಸುವ ಅಕ್ಕ ಹೇಳಿದ ಈ ಮಾತು ವಾರವಿಡೀ ಕಿವಿಯಲ್ಲೇ ಇದೆ. ಅಕೌಂಟ್ಸ್ ಮೇಜಿನ ಮಾನಿಟರ್ ಆನ್ ಮಾಡಿದರೆ ಮೇಲಿಂದ ಕೆಳಗಿನವರೆಗೆ ನಾಲ್ಕು ಗೆರೆ, ಕೆಳ ಅಂಚಿನಲ್ಲಿ ಮೋಡ ಕವಿದಂಥ ಕಲೆ. "ಯಾರಮ್ಮ ನಿನಗೆ ಹೇಳಿದ್ದು?" ಎಂದು ಮ್ಯಾನೇಜರ್ ಎಲ್ಲರೆದುರು ಗದರಿದರು. ಹಬ್ಬದ ಹಿಂದಿನ ದಿನ "ಎಲ್ಲ ಥಳಥಳ ಅನ್ನಬೇಕು" ಎಂದಿದ್ದವರೂ ಅವರೇ. ಹೇಗೆ ಮಾಡಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆಕೆಯ ಲೆಕ್ಕದಲ್ಲಿ ಅದು ಎಚ್ಚರಿಕೆಯೇ. ಕರೆಂಟಿನ ವಸ್ತುವಿಗೆ ನೀರು ಸೋಕಬಾರದೆಂದು ಗೊತ್ತು. ಪರದೆ ಕಾಣುವುದು ಗಾಜಿನ ಹಾಗೆ. ಕಿಟಕಿಗೆ ಹೊಡೆಯುವ ನೀಲಿ ಬಾಟಲಿ ಕೈಯಲ್ಲೇ ಇದೆ. ಆದರೆ ಕಚೇರಿ ಮಾನಿಟರುಗಳ ಮುಖ ಸಾಮಾನ್ಯವಾಗಿ ಗಾಜಲ್ಲ. ಒಳಗಿನ ಗಾಜಿಗೆ ಅಂಟಿಸಿದ ಪ್ಲಾಸ್ಟಿಕ್ ಪದರ, ಅದರ ಮೇಲೆ ಬೆಳಕು ಪ್ರತಿಫಲಿಸದಂತೆ ತಡೆಯುವ ತೆಳು ಲೇಪನ. ದ್ರಾವಣದಲ್ಲಿ ಅಮೋನಿಯಾ ಇದ್ದರೆ ಈ ಲೇಪನ ಕ್ರಮೇಣ ಮಸುಕಾಗುತ್ತದೆ. ಇಲ್ಲಿ ಆದದ್ದು ಅದಕ್ಕಿಂತ ಬೇಗನೆಯ ಹಾನಿ. ಪರದೆಗೇ ಹೊಡೆದ ದ್ರವ ಕೆಳಗಿಳಿದು ಚೌಕಟ್ಟಿನ ಸಂದಿ ಸೇರಿದೆ. ಬಹಳಷ್ಟು ಮಾನಿಟರುಗಳಲ್ಲಿ ಪರದೆಗೆ ಸಂಕೇತ ಕೊಡುವ ಸಣ್ಣ ಚಿಪ್‌ಗಳೂ ಅವುಗಳ ನವಿರಾದ ಸಂಪರ್ಕಗಳೂ ಇರುವುದು ಆ ಅಂಚಿನಲ್ಲೇ. ಒರೆಸಿ ಐದು ನಿಮಿಷ ಆಗಿಲ್ಲ, ದೇವಿಯ ಚಿತ್ರ ಹಾಕಲು ಯಾರೋ ಸ್ವಿಚ್ ಒತ್ತಿದ್ದಾರೆ. ಆಗಲೇ ಒಂದು ಗೆರೆ ಬಿದ್ದಿತ್ತಂತೆ. ಹಬ್ಬದ ಸಡಗರದಲ್ಲಿ ಯಾರೂ ಆರಿಸಲಿಲ್ಲ. ಹಾಗೆ ಸ್ವಿಚ್ ಒತ್ತಿದವರನ್ನು ಯಾರೂ ಗದರಲೂ ಇಲ್ಲ.

ಸರಿಯಾದ ಕ್ರಮ ಕಷ್ಟದ್ದಲ್ಲ. ಮಾನಿಟರ್ ಆರಿಸಿ, ವೈರ್ ಕಿತ್ತು, ಹತ್ತು ನಿಮಿಷ ತಣಿಯಲು ಬಿಡಬೇಕು. ಕಪ್ಪು ಪರದೆಯಲ್ಲಿ ಧೂಳು ಚೆನ್ನಾಗಿ ಕಾಣುತ್ತದೆ ಕೂಡ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿಂದ ಕೆಳಕ್ಕೆ, ಒತ್ತದೆ ಒರೆಸಬೇಕು. ಬೆರಳಿನ ಗುರುತು ಉಳಿದರೆ ಬಟ್ಟೆಗೆ ಎರಡು ಮೂರು ಸಲ ಡಿಸ್ಟಿಲ್ಡ್ ವಾಟರ್ ಚಿಮುಕಿಸಿ, ಆ ಬಟ್ಟೆಯಿಂದ ಒರೆಸಬೇಕು. ಹಿಂಡಿದರೆ ಒಂದು ಹನಿಯೂ ಬೀಳಬಾರದು, ಅಷ್ಟೇ ಪಸೆ ಸಾಕು. ಬೋರ್‌ವೆಲ್ ನೀರಾದರೆ ಆರಿದ ಮೇಲೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಟಿಶ್ಯೂ ಪೇಪರ್, ಹಳೆ ಪತ್ರಿಕೆ ಬೇಡ, ಅವುಗಳ ನಾರು ಲೇಪನವನ್ನು ಗೀರುತ್ತದೆ.

ಪೂಜೆಯ ನಂತರದ ಕೆಲಸ ಬೇರೆಯೇ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರದೆಗೆ ಎಳೆದ ವಿಭೂತಿ ಪಟ್ಟೆಯನ್ನು ಒಣಗಿದಂತೆಯೇ ತಿಕ್ಕಿದರೆ ಆ ನುಣ್ಣನೆ ಬೂದಿಯೇ ಗೀರು ಹಾಕುತ್ತದೆ. ಮೊದಲು ಮೆತ್ತನೆ ಬ್ರಷ್ಷಿನಿಂದ ಉದುರಿಸಿ ಆಮೇಲೆ ಅದೇ ಪಸೆ ಬಟ್ಟೆ. ಕ್ಯಾಬಿನೆಟ್ ಎನ್ನುವ ಕಂಪ್ಯೂಟರ್ ಪೆಟ್ಟಿಗೆಯ, ಕೀಬೋರ್ಡಿನ ಪ್ಲಾಸ್ಟಿಕ್ಕಿಗೆ ಹಿಡಿದ ಅರಿಶಿನ ನೀರಿಗೆ ಜಗ್ಗುವುದಿಲ್ಲ. ಅರಿಶಿನದ ಹಳದಿ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಆಲ್ಕೋಹಾಲಿನಲ್ಲಿ ಕರಗುತ್ತದೆ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ, ಕಲೆಗೆ ಒತ್ತಿ ತೆಗೆದರೆ ಬಿಡುತ್ತದೆ. ಮಾನಿಟರಿನ ಮುಖಕ್ಕೆ ಮಾತ್ರ ಅದು ಬೇಡ.

ಕೀಬೋರ್ಡಿನೊಳಗೆ ಅಕ್ಷತೆ. ಒಂದೇ ಒಂದು ಕಾಳು ಕೀಲಿಯ ಕೆಳಗೆ ಕೂತರೆ ಸಾಕು, ಎಷ್ಟು ಒತ್ತಿದರೂ ಅಕ್ಷರ ಮೂಡುವುದಿಲ್ಲ. ವೈರ್ ಕಿತ್ತು, ಬೋರಲು ಹಾಕಿ ಬೆನ್ನು ತಟ್ಟಬೇಕು. ಉದುರದಿದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ಕೀಲಿಗಳನ್ನು ಎಬ್ಬಿಸಬೇಕು. ಸ್ಪೇಸ್‌ಬಾರ್ ಮುಟ್ಟದಿರುವುದು ಒಳ್ಳೆಯದು. ಅದರ ಅಡಿಯ ತಂತಿ ಬಾಗಿದರೆ ಮತ್ತೆ ಕೂರಿಸುವುದು ರಗಳೆ. ಮೌಸ್ ತಾನಾಗಿ ಅತ್ತಿತ್ತ ಜಿಗಿಯುತ್ತಿದ್ದರೆ ಹೊಟ್ಟೆಯ ಸೆನ್ಸರ್ ಕಿಂಡಿಯಲ್ಲಿ ಒಂದು ಕೂದಲೋ ಎಳೆಯೋ ಇದೆಯೇ ನೋಡಬೇಕು. ಲೇಸರ್ ಪ್ರಿಂಟರಿನ ಮಸಿಪುಡಿ ಚೆಲ್ಲಿದರೆ ಬಿಸಿನೀರು ಹಾಕಬಾರದು, ಅದು ಬಿಸಿಗೆ ಕರಗಿ ಅಂಟುವ ಪ್ಲಾಸ್ಟಿಕ್.

ಕ್ಯಾಬಿನೆಟ್ಟಿನ ಮೇಲೆ ನೀರು ಚಿಮುಕಿಸಿದ ಸೇವಂತಿಗೆ ಹಾರ ಇಟ್ಟಿದ್ದರು. ಅಡಿಯಲ್ಲೇ ಗಾಳಿಯ ಜಾಲರಿ! ಒಳಗೆ ನೋಡಿದರೆ ಪ್ರೊಸೆಸರಿನ ಫ್ಯಾನಿಗೂ ಅದರ ಕೆಳಗಿನ ಲೋಹದ ಹಲ್ಲುಗಳಿಗೂ ನಡುವೆ ಧೂಳು ಹತ್ತಿ ಹಾಸಿದಂತೆ ಗಟ್ಟಿಯಾಗಿ ಕೂತಿತ್ತು. ಹೊರಗೆ ಹೂವು, ಒಳಗೆ ಉಸಿರುಕಟ್ಟು. ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನಾವು "ಸಿಸ್ಟಮ್ ಹಳೇದಾಯ್ತು" ಎನ್ನುತ್ತೇವೆ. ಜಗುಲಿಗೆ ತಂದು ಬ್ಲೋವರ್ ಹಿಡಿಯಬೇಕು, ಒಂದು ಗೇಣು ದೂರದಿಂದ, ತಡೆತಡೆದು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದೇ ಇರಬೇಕು. ಬಿಟ್ಟರೆ ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹಾರಕ್ಕೆ, ಬೂದುಗುಂಬಳಕ್ಕೆ, ಸಿಹಿಗೆ ಚಂದಾ ಎತ್ತಿದ್ದರು. ಎರಡು ಒಳ್ಳೆಯ ಬಟ್ಟೆಗೆ ಎತ್ತಲಿಲ್ಲ. ವರ್ಷವಿಡೀ "ಕಂಪ್ಯೂಟರ್ ಮುಟ್ಟಬೇಡ" ಎನ್ನಿಸಿಕೊಂಡಾಕೆಗೆ ಒಂದೇ ದಿನ ಅಷ್ಟೂ ಕಂಪ್ಯೂಟರುಗಳನ್ನು ಒಪ್ಪಿಸಿ, ಕೈಗೆ ನೆಲ ಒರೆಸುವ ಬಟ್ಟೆ ಕೊಟ್ಟರು. "ಯಾರಮ್ಮ ನಿನಗೆ ಹೇಳಿದ್ದು?" ಎಂಬ ಪ್ರಶ್ನೆಗೆ ನಿಜವಾದ ಉತ್ತರ "ಯಾರೂ ಹೇಳಲಿಲ್ಲ" ಎಂಬುದೇ. ಆಕೆ ಅದನ್ನು ಹೇಳಲಿಲ್ಲ. ತಾನು ವಹಿಸಿದ ಎಚ್ಚರವನ್ನು ಮಾತ್ರ ಹೇಳಿದಳು. ಕೆಲಸ ಗೊತ್ತಿದ್ದವರು ಹತ್ತು ನಿಮಿಷ ಪಕ್ಕದಲ್ಲಿ ನಿಂತು ತೋರಿಸಿದ್ದರೆ ಮಾನಿಟರೂ ಉಳಿಯುತ್ತಿತ್ತು, ಆಕೆಯ ಮರ್ಯಾದೆಯೂ ಉಳಿಯುತ್ತಿತ್ತು. ಕಚೇರಿಯಲ್ಲಿ ಅತಿ ಹೆಚ್ಚು ವಸ್ತುಗಳನ್ನು ಮುಟ್ಟುವ ಕೈಗಳಿಗೆ ಅತಿ ಕಡಿಮೆ ಹೇಳಿಕೊಡುತ್ತೇವೆ.

ಸಂಜೆ ಹೊಸ ಬಟ್ಟೆ ಬಂತು. ಒರೆಸುವ ಬಗೆಯನ್ನು ಒಮ್ಮೆ ತೋರಿಸಿದ್ದಕ್ಕೇ ಆಕೆ ಹಗುರವಾಗಿ, ಅಂಚಿನ ಹತ್ತಿರ ಕೈ ತಡೆದು ಒರೆಸಿದಳು.

"ಹಂಗಾದ್ರೆ ಮುಂದಿನ ವರ್ಷ ಕುಂಕುಮ ಎಲ್ಲಿ ಇಡ್ಲಿ ಸಾರ್?"

"ಕ್ಯಾಬಿನೆಟ್ಟಿನ ಪಕ್ಕದ ತಗಡಿಗೆ ಇಡಿ ಅಕ್ಕ, ತೂತಿಲ್ಲದ ಕಡೆ. ಗಂಧಕ್ಕೆ ಕಲಸಿ ಒಂದು ಬೊಟ್ಟು."

ತಲೆಯಾಡಿಸಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಬಕೆಟ್ಟಿನ ಅಂಚಿಗೆ ನೇತುಹಾಕಲಿಲ್ಲ. ಅಕೌಂಟ್ಸ್ ಮೇಜಿನ ಡ್ರಾಯರ್ ಎಳೆದು, ಫೈಲುಗಳ ಮೇಲೆ ಇಟ್ಟು, ಮುಚ್ಚಿದಳು.