ವಯಸ್ಸಾಗದ ಮೇಷ್ಟ್ರು

ನಮ್ಮ ಪ್ರವಾಸದ ಕೊನೆಯ ಹಗಲು, ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದ ಹೊರಗೆ ಮರದ ನೆರಳಿನಲ್ಲಿ ಎಳನೀರು ಕುಡಿಯುತ್ತ ಕುಳಿತಿದ್ದಾಗ, ನಮ್ಮನ್ನು ಅಲ್ಲಿಗೆ ಕರೆತಂದಿದ್ದ ಗಾಡಿಯವನ ಹತ್ತು ವರ್ಷದ ಮಗಳು ಒಂದು ಮಾತು ಹೇಳಿದಳು. ಊರಿಗೆ ಮರಳಿ ಎರಡು ವಾರವಾಗಿದೆ. ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳು ಬಂದು ಆಂಕೋರ್ ಹೇಗಿತ್ತು, ವಿಯೆಟ್ನಾಮಿನಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಉತ್ತರ ಹೇಳಲು ಹೊರಟರೆ ಆ ಹುಡುಗಿಯ ಮಾತೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಮೊದಲು ಬರೆದು ಇಳಿಸಿಕೊಳ್ಳದೆ ಬೇರೇನನ್ನೂ ಹೇಳಲಾರೆ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾವು ಎಂಟು ಜನ. ನಲವತ್ತು ವರ್ಷಗಳ ಹಿಂದೆ ಒಟ್ಟಿಗೆ ಬಿ.ಎಡ್. ಓದಿ, ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ, ಒಬ್ಬರ ಹಿಂದೊಬ್ಬರು ನಿವೃತ್ತರಾದವರು. ನಮ್ಮೊಳಗೆ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಇವತ್ತಿಗೂ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್, ಹಿಂದಿ ಮೇಡಂ, ಡ್ರಿಲ್ ಮಾಸ್ತರು ಎಂದೇ ಕರೆದುಕೊಳ್ಳುತ್ತೇವೆ. ನಾನು ಕನ್ನಡ ಮೇಡಂ. ವಿಯೆಟ್ನಾಮಿನ ಆರು ದಿನಗಳು ಚಟ್ನಿಪುಡಿ, ಅವಲಕ್ಕಿ, ಹಳೆಯ ಕಾಲೇಜಿನ ನೆನಪುಗಳ ಜೊತೆ ಸಂತೋಷವಾಗಿ ಕಳೆದವು. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನಗರಕ್ಕೆ ಬಂದು ಇಳಿದಾಗ ಉಳಿದಿದ್ದದ್ದು ಮೂರೇ ದಿನ, ಎಲ್ಲರ ಮನಸ್ಸೂ ಆಗಲೇ ಊರಿನ ಕಡೆ ವಾಲಿತ್ತು. ಮೊಮ್ಮಕ್ಕಳಿಗೆ ಏನು ಒಯ್ಯುವುದು, ಪೆಟ್ಟಿಗೆಯ ತೂಕ ಎಷ್ಟಾಯಿತು ಎಂಬುದೇ ಮಾತು. ಮೆಣಸು ಬೆಳೆಯುವ ಸೀಮೆಯಿಂದ ಹೋದ ನಾವೇ ಕಾಂಪೋಟ್ ಕಾಳುಮೆಣಸಿನ ಬೆಲೆ ವಿಚಾರಿಸುತ್ತಿದ್ದೆವು.

ಮರುದಿನ ಬೆಳಗ್ಗೆ ತುವೊಲ್ ಸ್ಲೆಂಗ್ ವಸ್ತುಸಂಗ್ರಹಾಲಯ ಎಂದು ಪಟ್ಟಿಯಲ್ಲಿತ್ತು. ಅದನ್ನು ಬಿಟ್ಟು ಪೇಟೆಗೆ ಹೋಗೋಣ, ಮಂಗಳವಾಗಿ ಮುಗಿಯಬೇಕಾದ ಪ್ರವಾಸದಲ್ಲಿ ಸಾವಿನ ಮನೆಯನ್ನು ಯಾಕೆ ಹೊಕ್ಕು ಬರಬೇಕು ಎಂದು ಹಿಂದಿ ಮೇಡಂ ಹೇಳಿದರು. ನನಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಗಣಿತದ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. "ಅದು ಮೊದಲು ಶಾಲೆಯಾಗಿತ್ತಂತೆ. ಮೇಷ್ಟ್ರುಗಳಾಗಿ ಇಷ್ಟು ದೂರ ಬಂದು ಒಂದು ಶಾಲೆಯನ್ನು ನೋಡದೆ ಹೋಗುವುದು ಸರಿಯಲ್ಲ" ಎಂದರು. ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ, ಎಲ್ಲರೂ ಹೊರಟೆವು.

ತುವೊಲ್ ಸ್ಲೆಂಗ್ ಎಂದರೆ ವಿಷದ ಮರಗಳ ದಿಬ್ಬ ಎಂದು ಗೈಡ್ ಹೇಳಿದರು. ಯಾವ ಮರ ಎಂದು ವಿಜ್ಞಾನದ ಟೀಚರ್ ಬಿಡದೆ ಕೇಳಿದಾಗ ಅದು ನಮ್ಮ ಕಾಸರಕವೇ ಎಂದು ತಿಳಿಯಿತು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆಗಳು ನಗರವನ್ನು ಹಿಡಿದು, ಜನರನ್ನೆಲ್ಲ ಕೆಲವೇ ದಿನಗಳಲ್ಲಿ ಗದ್ದೆಗಳಿಗೆ ಅಟ್ಟಿ, ಹಣ, ಸಂತೆ, ಶಾಲೆ, ವಿಹಾರ ಎಲ್ಲವನ್ನೂ ಇಲ್ಲವಾಗಿಸಿದ ಮೇಲೆ, ಖಾಲಿ ಬಿದ್ದಿದ್ದ ಈ ಪ್ರೌಢಶಾಲೆಯನ್ನು ಎಸ್-21 ಎಂಬ ಸೆರೆಮನೆಯಾಗಿ ಮಾಡಿಕೊಂಡರು. 1979ರ ಜನವರಿ 7ರಂದು ವಿಯೆಟ್ನಾಮಿನ ಸೈನ್ಯ ನಗರವನ್ನು ಹೊಕ್ಕುವ ಹೊತ್ತಿಗೆ, ಇಲ್ಲಿಗೆ ತರಲಾಗಿದ್ದ 12,000ಕ್ಕೂ ಹೆಚ್ಚು ಮಂದಿಯಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ನಾಲ್ಕು ವರ್ಷವೂ ತುಂಬದ ಆ ಆಳ್ವಿಕೆಯಲ್ಲಿ ಇಡೀ ದೇಶದಲ್ಲಿ 15ರಿಂದ 20 ಲಕ್ಷ ಜನ ಸತ್ತರು ಎಂಬುದು ಅಂದಾಜು. ಕನ್ನಡಕ ಹಾಕಿದವರು, ಪರಭಾಷೆ ಬಲ್ಲವರು, ಪಾಠ ಹೇಳಿದವರು ಸಂಶಯಕ್ಕೆ ಮೊದಲು ಗುರಿಯಾದರು.

ಹೊರಗಿನಿಂದ ನೋಡಿದರೆ ಅದು ಈಗಲೂ ಶಾಲೆಯೇ. ಉದ್ದನೆಯ ಮೂರು ಅಂತಸ್ತಿನ ಕಟ್ಟಡಗಳು, ಪ್ರತಿ ಅಂತಸ್ತಿನ ಮುಂದೆ ಜಗಲಿ, ಅಂಗಳದಲ್ಲಿ ದೇವಕಣಗಿಲೆಯ ಮರಗಳು. ಒಂದು ತರಗತಿಯ ಗೋಡೆಯ ಮೇಲೆ ಕರಿಹಲಗೆ ಇನ್ನೂ ಇತ್ತು. ಅದರ ಎದುರಿಗೆ, ಬೆಂಚುಗಳಿರಬೇಕಾದ ಜಾಗದಲ್ಲಿ ಒಂದು ಕಬ್ಬಿಣದ ಮಂಚ, ಅದರ ಮೇಲೆ ಕಾಲಿಗೆ ತೊಡಿಸುವ ಸಂಕೋಲೆ. ಇನ್ನೊಂದು ಕಟ್ಟಡದಲ್ಲಿ ತರಗತಿಗಳನ್ನು ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬ ಮನುಷ್ಯ ಕಾಲು ಚಾಚಿದರೆ ಮುಗಿಯುವಷ್ಟು ಗೂಡುಗಳಾಗಿ ಒಡೆದಿದ್ದರು. ಅಂಗಳದಲ್ಲಿದ್ದ ಎತ್ತರದ ಮರದ ಕಂಬಗಳ ಮುಂದೆ ಡ್ರಿಲ್ ಮಾಸ್ತರು ನಿಂತುಬಿಟ್ಟರು. ಮಕ್ಕಳ ವ್ಯಾಯಾಮಕ್ಕೆಂದು ನೆಟ್ಟ ಕಂಬಗಳವು; ಆಮೇಲೆ ಕೈದಿಗಳನ್ನು ತಲೆಕೆಳಗಾಗಿ ನೇತುಹಾಕಲು ಬಳಕೆಯಾದವು, ಕೆಳಗೆ ನೀರು ತುಂಬಿಸುತ್ತಿದ್ದ ದೊಡ್ಡ ಗುಡಾಣಗಳು ಇವತ್ತಿಗೂ ಇವೆ. ಮೂವತ್ತೆರಡು ವರ್ಷ ಇಂಥದೇ ಕಂಬಗಳನ್ನು ಮಕ್ಕಳಿಂದ ಹತ್ತಿಸಿದ ಮಾಸ್ತರು ಮರವನ್ನು ಒಮ್ಮೆ ಮುಟ್ಟಿ, ಕೂಡಲೇ ಕೈ ಹಿಂದೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು.

ಅಲ್ಲೇ ಇರುವ ಫಲಕದಲ್ಲಿ ಕೈದಿಗಳು ಪಾಲಿಸಬೇಕಾದ ಹತ್ತು ನಿಯಮಗಳಿವೆ. ಚಾಟಿಯೇಟು ಬೀಳುವಾಗಲಾಗಲಿ, ಕರೆಂಟು ಹಾಯಿಸುವಾಗಲಾಗಲಿ ಅಳಕೂಡದು ಎಂಬುದು ಆರನೆಯದು. ಆ ಸಾಲನ್ನು ನಾನು ಎರಡು ಸಲ ಓದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬೆತ್ತ ಹಿಡಿಯುತ್ತಿದ್ದೆ. "ಅತ್ತರೆ ಇನ್ನೊಂದು ಬೀಳುತ್ತದೆ" ಎನ್ನುವುದು ನನ್ನ ಬಾಯಿಪಾಠದ ಮಾತಾಗಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗ ಒತ್ತಕ್ಷರಗಳನ್ನು ತಪ್ಪು ಬರೆದದ್ದಕ್ಕೆ ಅಂಗೈ ಮೇಲೆ ನಾಲ್ಕು ಏಟು ತಿಂದು, ತುಟಿ ಕಚ್ಚಿಕೊಂಡು, ಅಳದೆ ಹೋಗಿ ತನ್ನ ಜಾಗದಲ್ಲಿ ಕುಳಿತ. ಮರುದಿನದಿಂದ ಶಾಲೆಗೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ. ಆ ಸೆರೆಮನೆಯನ್ನು ನನ್ನ ತರಗತಿಗೆ ಹೋಲಿಸುವುದು ಅಲ್ಲಿ ಸತ್ತವರಿಗೆ ಮಾಡುವ ಅಪಚಾರವೆಂದು ಬಲ್ಲೆ. ಆದರೆ ಅಳಬೇಡ ಎನ್ನುವ ಆಜ್ಞೆ ಮನುಷ್ಯನ ಒಳಗೆ ಯಾವ ಜಾಗದಿಂದ ಏಳುತ್ತದೆ ಎಂಬುದು ನನಗೆ ಪರಿಚಿತವಾಗಿತ್ತು, ಆ ಪರಿಚಯವೇ ನನ್ನನ್ನು ಅಲ್ಲಾಡಿಸಿತು. ಆ ರಾತ್ರಿ ಹಿಂದಿ ಮೇಡಂ ನನ್ನ ಕೋಣೆಗೆ ಬಂದು, ಏನೂ ಮಾತಾಡದೆ ಬಹಳ ಹೊತ್ತು ಕುಳಿತಿದ್ದು ಹೋದರು.

ನಾಮ್ ಪೆನ್‌ನಿಂದ ಆಂಕೋರ್ ದೇವಾಲಯಗಳ ಪಕ್ಕದ ಊರು ಸಿಯೆಮ್ ರೀಪ್‌ಗೆ ಮುನ್ನೂರು ಕಿಲೋಮೀಟರು ಮೀರಿದ ಹಾದಿ. ಮಧ್ಯದಲ್ಲಿ ಸ್ಕುನ್ ಎಂಬ ಪೇಟೆಯಲ್ಲಿ ಬಸ್ಸು ನಿಂತಿತು. ಹುರಿದ ಜೇಡಗಳಿಗೆ ಹೆಸರಾದ ಊರು, ಹೆಂಗಸರು ತಟ್ಟೆಗಳಲ್ಲಿ ಅವನ್ನು ರಾಶಿ ಹಾಕಿ ಮಾರುತ್ತಿದ್ದರು. ಅಲ್ಲಿ ಗೈಡ್ ಹೇಳಿದ ಸಂಗತಿಯನ್ನು ಕೇಳಿದ ಮೇಲೆ ನಮಗೆ ತಟ್ಟೆಗಳ ಕಡೆ ಗಮನವೇ ಹೋಗಲಿಲ್ಲ. ಎಸ್-21ರ ಮುಖ್ಯಸ್ಥ ಕೈಂಗ್ ಗೆಕ್ ಇಯಾವ್, 'ಡುಯ್ಕ್' ಎಂಬ ಹೆಸರಿನಿಂದ ಕುಖ್ಯಾತನಾದವನು, 1960ರ ದಶಕದಲ್ಲಿ ಇದೇ ಸ್ಕುನ್‌ನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಆಡಳಿತ ಉರುಳಿದ ಎಷ್ಟೋ ವರ್ಷಗಳ ಮೇಲೆ ಹೆಸರು ಬದಲಿಸಿಕೊಂಡು ಮತ್ತೆ ಮೇಷ್ಟ್ರಾಗಿದ್ದ. 1999ರಲ್ಲಿ ಗುರುತು ಸಿಕ್ಕಿ, 2012ರಲ್ಲಿ ಮೇಲ್ಮನವಿಯ ಮೇಲೆ ಜೀವಾವಧಿ ಶಿಕ್ಷೆಯಾಗಿ, 2020ರಲ್ಲಿ ಸತ್ತ. ಅವನ ನಾಯಕ ಪೋಲ್ ಪಾಟ್ ಕೂಡ ಒಂದು ಕಾಲಕ್ಕೆ ನಾಮ್ ಪೆನ್‌ನ ಖಾಸಗಿ ಕಾಲೇಜಿನಲ್ಲಿ ಫ್ರೆಂಚ್ ಸಾಹಿತ್ಯ ಮತ್ತು ಇತಿಹಾಸ ಬೋಧಿಸುತ್ತಿದ್ದವನು.

ಗಣಿತದ ಮೇಷ್ಟ್ರು ಕಾಂಪೋಂಗ್ ಥೋಮ್ ದಾಟುವವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅವನೂ ಲೆಕ್ಕ ತಪ್ಪಿದ ಹುಡುಗನ ಪಕ್ಕ ಕೂತು ಬಿಡಿಸಿ ತೋರಿಸಿರುತ್ತಾನಲ್ಲ, ಮೇಡಂ" ಎಂದರು. ವಿದ್ಯೆ ವಿನಯವನ್ನು ಕೊಡುತ್ತದೆ ಎಂದು ನಾನು ಮೂವತ್ತು ವರ್ಷ ಪ್ರತಿ ಬೀಳ್ಕೊಡುಗೆ ಸಮಾರಂಭದಲ್ಲೂ ಹೇಳಿದವಳು. ಮೇಷ್ಟ್ರುಗಳನ್ನು ಕೊಂದವರೂ ಮೇಷ್ಟ್ರುಗಳೇ ಆಗಿದ್ದರು ಎಂಬುದನ್ನು ಆ ಸುಭಾಷಿತದ ಯಾವ ಮೂಲೆಯಲ್ಲಿ ಇಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಸಿಯೆಮ್ ರೀಪ್‌ನ ಕೊನೆಯ ದಿನ ಬೆಳಗ್ಗೆ ಗೈಡ್ ಜೊತೆ ಖ್ಮೇರ್ ಅರಸರ ಹಳೆಯ ರಾಜಧಾನಿ ಆಂಕೋರ್ ಥೋಮ್ ನೋಡಿದೆವು. ಅಲ್ಲಿನ ಫಿಮಿಯನಾಕಾಸ್ ಗುಡಿಯಲ್ಲಿ ದೊರೆತ ಸಂಸ್ಕೃತ ಶಾಸನವನ್ನು ರಚಿಸಿದವಳು ಏಳನೆಯ ಜಯವರ್ಮನ ರಾಣಿ ಇಂದ್ರದೇವಿ, ಅವಳು ಬೌದ್ಧ ವಿಹಾರದಲ್ಲಿ ಪಾಠ ಹೇಳುತ್ತಿದ್ದಳು ಎಂದು ಕೇಳಿದಾಗ ನಾವು ಹೆಂಗಸರು ನಾಲ್ವರೂ ಹಿಗ್ಗಿದೆವು. ಎರಡು ದಿನಗಳ ಭಾರ ಸ್ವಲ್ಪ ಕರಗಿದಂತಾಯಿತು. ಮಧ್ಯಾಹ್ನ ನಮ್ಮ ಪಾಡಿಗೆ ಬಿಟ್ಟಿದ್ದರಿಂದ, ಬೈಕಿಗೆ ಗಾಡಿ ಜೋಡಿಸಿದ ಅಲ್ಲಿನ ರೆಮೋರ್ಕ್ ಎರಡನ್ನು ಗೊತ್ತು ಮಾಡಿಕೊಂಡು ತಾ ಪ್ರೋಮ್‌ಗೆ ಹೋದೆವು. ಒಂದು ಗಾಡಿಯಲ್ಲಿ ಅಪ್ಪನ ಬೆನ್ನಿಗಂಟಿಕೊಂಡು ಈ ಹುಡುಗಿ ಕುಳಿತಿದ್ದಳು. ಬಿಳಿ ಅಂಗಿ, ನೀಲಿ ಲಂಗ. ಬೆಳಗಿನ ಪಾಳಿಯ ಶಾಲೆ ಮುಗಿಸಿ ಬಂದಿದ್ದಳು. ಹತ್ತುವಾಗ ನಮಗೆ ಕೈಮುಗಿದಳು, ಬೆರಳ ತುದಿ ಬಾಯಿಯ ಮಟ್ಟಕ್ಕೆ.

ಎಳನೀರಿನ ಅಂಗಡಿಯ ಮುಂದೆ ವಿಜ್ಞಾನದ ಟೀಚರ್ ಅವಳ ಕೈಗೆ ಕೋಡುಬಳೆ ಕೊಟ್ಟು, ಅವಳ ಇಂಗ್ಲಿಷ್ ಪುಸ್ತಕವನ್ನು ತೆರೆಸಿ ಓದಿಸತೊಡಗಿದರು. ನೀವು ಯಾರು ಎಂದು ಅವಳ ಅಪ್ಪ ಕೇಳಿದ. ಎಂಟೂ ಜನ ಮೇಷ್ಟ್ರುಗಳು ಎಂದೆವು. ಖ್ಮೇರ್ ಭಾಷೆಯಲ್ಲಿ ಶಾಲೆಗೆ ಸಾಲಾ ಎನ್ನುತ್ತಾರೆ, ಗುರುವಿಗೆ ಕ್ರೂ ಎನ್ನುತ್ತಾರೆ. ಅವನು "ಕ್ರೂ" ಎಂದದ್ದೇ ತಡ, ಹುಡುಗಿ ಕೋಡುಬಳೆಯನ್ನು ಕೆಳಗಿಟ್ಟು, ಎದ್ದು ನಿಂತು, ಇನ್ನೊಮ್ಮೆ ಕೈಮುಗಿದಳು. ಈ ಸಲ ಬೆರಳ ತುದಿ ಮೂಗಿನವರೆಗೆ ಏರಿತ್ತು. ತಂದೆತಾಯಿಗೂ ಗುರುಗಳಿಗೂ ಅಷ್ಟು ಎತ್ತರದಲ್ಲಿ ಮುಗಿಯಬೇಕಂತೆ. ಆಮೇಲೆ ನಮ್ಮ ಎಂಟು ಮುಖಗಳನ್ನೂ ಒಂದೊಂದಾಗಿ ನೋಡಿ, ಗಣಿತದ ಮೇಷ್ಟ್ರ ನೆರೆತ ತಲೆಯ ಹತ್ತಿರ ಕಣ್ಣು ನಿಲ್ಲಿಸಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಮುತ್ತಜ್ಜನೂ ಕ್ರೂ. ಆದರೆ ಅವರಿಗೆ ವಯಸ್ಸಾಗಲಿಲ್ಲ."

ಅಪ್ಪ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹಳೆಯ ಫೋಟೋದ ಫೋಟೋ: ತೋಳು ಮಡಿಸಿದ ಅಂಗಿಯ, ಬೈತಲೆ ತೆಗೆದ ತೆಳ್ಳಗಿನ ಯುವಕ, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಅವನ ತಾಯಿಯ ತಂದೆ. ಗದ್ದೆಗೆ ಅಟ್ಟಿದಾಗ ತಾನು ರೈತ ಎಂದು ಹೇಳಿಕೊಂಡು ಕೆಲವು ತಿಂಗಳು ಉಳಿದಿದ್ದರಂತೆ. ಒಂದು ಸಂಜೆ ಕೇರಿಯ ಮಗುವೊಂದು ಮಣ್ಣಿನ ಮೇಲೆ ಅಕ್ಷರವನ್ನು ತಪ್ಪು ಗೀಚಿದ್ದನ್ನು ಕಂಡು, ತಡೆಯಲಾರದೆ ಕಡ್ಡಿ ತೆಗೆದುಕೊಂಡು ಸರಿಯಾಗಿ ತಿದ್ದಿ ತೋರಿಸಿದರಂತೆ. ನೋಡಿದವರಿದ್ದರು. ಮನೆಯಲ್ಲಿ ಹಬ್ಬದ ದಿನ ಆ ಫೋಟೋದ ಮುಂದೆ ಅನ್ನ ಇಡುತ್ತಾರೆ. ಹುಡುಗಿಯ ಅಜ್ಜಿಗೆ ಈಗ ಐವತ್ತೈದು ದಾಟಿದೆ, ಫೋಟೋದಲ್ಲಿರುವ ಅಜ್ಜಿಯ ಅಪ್ಪ ಮಾತ್ರ ಅಷ್ಟೇ ಚಿಕ್ಕವರು. ಆದ್ದರಿಂದ ಮೇಷ್ಟ್ರು ಎಂದರೆ ಆ ಹುಡುಗಿಯ ಮನಸ್ಸಿನಲ್ಲಿ ವಯಸ್ಸಾಗದ ಒಬ್ಬ ಮನುಷ್ಯ. ಬೆಳ್ಳಗಾದ ಎಂಟು ತಲೆಗಳನ್ನು ಒಟ್ಟಿಗೆ ಕಂಡು ಅವಳಿಗೆ ಆಶ್ಚರ್ಯವಾದದ್ದು ಸಹಜ.

ನಮಗೆ ವಯಸ್ಸಾಯಿತು. ಪಿಂಚಣಿ ಬಂತು, ಶಾಲು ಹಾರ ಬಂದವು, ಮಂಡಿನೋವು ಬಂತು. ಇದನ್ನೆಲ್ಲ ನಾವು ನಮ್ಮ ಹಕ್ಕಿನಂತೆ ಸ್ವೀಕರಿಸಿದೆವು. ನಾನು ಓದಲು ಕಲಿತ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳು ಸಾಲದೆ ಬೀಗ ಬಿದ್ದು ಆರು ವರ್ಷವಾಯಿತು, ಊರಿನ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಗೆ ಹೋಗುತ್ತಾರೆ. ಅಲ್ಲಿ ಯಾವ ಸೈನ್ಯವೂ ಬಂದಿರಲಿಲ್ಲ. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡವರು ನಾವೇ, ನನ್ನ ಅಣ್ಣನೂ ಅದರಲ್ಲಿ ಒಬ್ಬ. ಆಗ ಅವನಿಗೆ ಒಂದು ಮಾತು ಹೇಳದೆ ಸುಮ್ಮನಿದ್ದವಳು ನಾನು. ಒಂದು ಅಕ್ಷರವನ್ನು ತಿದ್ದಿದ್ದಕ್ಕೆ ಜೀವ ಹೋದ ಊರಿನಲ್ಲಿ ನಿಂತು ಆ ಬೀಗವನ್ನು ನೆನೆಸಿಕೊಳ್ಳುವುದು ಕಷ್ಟವಾಗಿತ್ತು.

ಸಂಜೆ ಹೋಟೆಲಿನ ಬಾಗಿಲಲ್ಲಿ ಗಾಡಿ ಇಳಿದಾಗ ಹುಡುಗಿ "ಲೋಕ್ ಕ್ರೂ, ನಿಯಕ್ ಕ್ರೂ" (ಮೇಷ್ಟ್ರೇ, ಮೇಡಂ) ಎನ್ನುತ್ತ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೈಮುಗಿದಳು. ಮಕ್ಕಳ ನಮಸ್ಕಾರಕ್ಕೆ ಜೀವಮಾನವಿಡೀ ತಲೆಯಾಡಿಸಿ ಮುಂದೆ ಹೋದ ಗಣಿತದ ಮೇಷ್ಟ್ರು ತಮ್ಮ ಚೀಲವನ್ನು ನೆಲದ ಮೇಲಿಟ್ಟು, ಎರಡೂ ಕೈ ಜೋಡಿಸಿ, ಬೆರಳನ್ನು ಮೂಗಿನವರೆಗೆ ಎತ್ತಿದರು. ಮರುದಿನ ಬೆಳಗ್ಗೆ ವಿಮಾನ ಹತ್ತಿದೆವು.

ಊರಿಗೆ ಬಂದ ಮೂರನೆಯ ದಿನ ಡ್ರಿಲ್ ಮಾಸ್ತರಿಗೆ ಫೋನ್ ಮಾಡಿ, ಶಾಲೆ ಬಿಟ್ಟ ಆ ಹುಡುಗನ ಹೆಸರು ಹೇಳಿದೆ. ಮಾಸ್ತರಿಗೆ ಎಲ್ಲರೂ ಗೊತ್ತು. ಅವನಿಗೀಗ ಐವತ್ತರ ಹತ್ತಿರ, ಸಾಗರದ ಕಡೆ ಲಾರಿ ಇಟ್ಟುಕೊಂಡಿದ್ದಾನೆ, ಮಗಳು ಬಿ.ಎಡ್. ಓದುತ್ತಿದ್ದಾಳೆ ಎಂದು ತಿಳಿಯಿತು. ಅವನ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ದಿನಕ್ಕೆರಡು ಸಲ ಫೋನ್ ಕೈಗೆತ್ತಿಕೊಳ್ಳುತ್ತೇನೆ. ಮೊದಲ ವಾಕ್ಯ ಇನ್ನೂ ಸಿಕ್ಕಿಲ್ಲ.