ಅಂಚು ಕಳೆದುಕೊಂಡ ಸಾವನದುರ್ಗ

ಜಾಹೀರಾತು ಏಜೆನ್ಸಿಯವರಿಗೆ ಅಂಚು ಅಂದರೆ ವೇಸ್ಟು. ಆರ್ಟ್‌ವರ್ಕ್ ಸುತ್ತ 3 ಮಿಲಿಮೀಟರ್ ಬ್ಲೀಡ್ ಅಂತ ಹೆಚ್ಚುವರಿ ಅಂಚು ಬಿಡುತ್ತೇವೆ, ಎಲ್ಲಿ ಕತ್ತರಿಸಬೇಕು ಅಂತ ಕ್ರಾಪ್ ಮಾರ್ಕ್ ಹಾಕುತ್ತೇವೆ, ಪ್ರೆಸ್‌ನವರು ಕತ್ತರಿಸಿ ಎಸೆಯುತ್ತಾರೆ. ಹಳೇ ಪ್ರಿಂಟ್ ಕೂಡಿಡುವವರಿಗೆ ಆ ಅಂಚೇ ಪ್ರಾಣ. ನಾನು ಹಗಲು ಹೊತ್ತು ಕ್ಲೈಂಟ್ ಸರ್ವೀಸಿಂಗ್, ಭಾನುವಾರ ಬಂದರೆ ಹಳೇ ಪುಸ್ತಕ, ಪ್ರಿಂಟ್‌ಗಳ ಹುಚ್ಚು. ಎರಡನ್ನೂ ಬೇರೆ ಬೇರೆ ಇಟ್ಟಷ್ಟು ದಿನ ಚೆನ್ನಾಗಿತ್ತು.

ಕ್ಲೈಂಟು ಮಾಗಡಿ ರಸ್ತೆ ಕಡೆ ವಿಲ್ಲಾ ಕಟ್ಟುವ ಬಿಲ್ಡರ್. ಹೊಸ ವರ್ಷದ ಕ್ಯಾಲೆಂಡರ್‌ಗೆ ಬೆಟ್ಟದ ಕೋಟೆಗಳ ಥೀಮ್. ಸ್ಟಾಕ್ ಸೈಟ್‌ನಲ್ಲಿ ಸಿಕ್ಕಿದ್ದೆಲ್ಲ ಡ್ರೋನ್ ಫೋಟೋ. ಕ್ರಿಯೇಟಿವ್ ಡೈರೆಕ್ಟರ್ ಮುಖ ಸಿಂಡರಿಸಿದರು. ನಾನು ಸುಮ್ನೆ ಇರಬಹುದಿತ್ತು. "ನನ್ನ ಹತ್ರ ಸಾವನದುರ್ಗದ್ದೊಂದು ಇದೆ, 1794ರದ್ದು" ಅಂದುಬಿಟ್ಟೆ.

ರಾಬರ್ಟ್ ಹೋಮ್ ಅಂತ ಒಬ್ಬ ಕಲಾವಿದ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಇದ್ದವನು. ಸಾವನದುರ್ಗ 1791ರ ಡಿಸೆಂಬರಿನಲ್ಲಿ ಇಂಗ್ಲಿಷರ ಪಾಲಾಯಿತು. ಅವನು ಬರೆದುಕೊಂಡ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ, 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ತಂದರು. ನನ್ನದು ಅದರ ಒಂದು ಹಾಳೆ. ಒದ್ದೆ ಕಾಗದದ ಮೇಲೆ ತಗಡನ್ನು ಅಷ್ಟು ಜೋರಾಗಿ ಒತ್ತಿರುತ್ತಾರೆ, ಚಿತ್ರದ ಸುತ್ತ ತಗಡಿನ ಅಂಚಿನ ಗುರುತು ತಗ್ಗಾಗಿ ಉಳಿದಿರುತ್ತದೆ. ಉಗುರಿಗೆ ಸಿಗುತ್ತದೆ. ಅದರೊಳಗೆ, ಚಿತ್ರದ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಬೇಕಾದ ಒಂದು ಸಾಲು: ಬರೆದವನು, ಕೊರೆದವನು, ಪ್ರಕಾಶಕ, ತಾರೀಖು. ಇಂಗ್ಲೆಂಡಿನ 1735ರ ಕಾಯ್ದೆ ಪ್ರಕಾರ ಹಕ್ಕು ಉಳಿಯಬೇಕಾದರೆ ಹಕ್ಕುದಾರನ ಹೆಸರು, ತಾರೀಖು ತಗಡಿನ ಮೇಲೆಯೇ ಇರಬೇಕಿತ್ತು. ನಮ್ಮ ಬಿಲ್ಡರ್ ಜಾಹೀರಾತಿನ ತಳದಲ್ಲಿ ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ಸಂಖ್ಯೆ, ಇರುತ್ತಲ್ಲ, ಹಾಗೆ.

ಸ್ಕ್ಯಾನ್ ಆಯಿತು. ಅಲ್ಲಿಗೇ ಮನೆಗೆ ತಗೊಂಡು ಹೋಗಬೇಕಿತ್ತು. ಪ್ರೆಸೆಂಟೇಶನ್ ರೂಮಿನಲ್ಲಿ ಒರಿಜಿನಲ್ ಇದ್ದರೆ ಕ್ಲೈಂಟ್ ಬಿದ್ದೇ ಹೋಗುತ್ತಾರೆ ಅಂತ ಬಾಸ್ ಆಸೆ. ಏಜೆನ್ಸಿಯಲ್ಲಿ ಕೆಲಸಗಳ ಓಡಾಟ ನೋಡಿಕೊಳ್ಳುವ ಟ್ರಾಫಿಕ್‌ ವಿಭಾಗದವರು ಫ್ರೇಮ್ ಅಂಗಡಿಗೆ ಮೇಲ್ ಹಾಕಿದರು: ಈ ಸೈಜು, ಕಪ್ಪು ಫ್ರೇಮ್, ಇಮೇಜ್ ಏರಿಯಾ ಮಾತ್ರ. ನನಗೆ ಕಾಪಿ ಇತ್ತು. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೂತು ನಾನೇ "ಓಕೆ" ಅಂತ ಕಳಿಸಿದೆ. "ಇಮೇಜ್ ಏರಿಯಾ ಮಾತ್ರ" ಅನ್ನೋದು ದಿನಾ ಓದುವ ಮಾತು. ಕಣ್ಣಿಗೆ ಬೀಳಲೇ ಇಲ್ಲ.

ಮೀಟಿಂಗ್ ದಿನ ಕ್ಲೈಂಟ್ ಲಿಫ್ಟ್ ಹತ್ತಿರ ಇದ್ದಾರೆ ಅಂತ ಫೋನ್ ಬಂತು. ಆಗಷ್ಟೇ ಬಬಲ್ ರ್‍ಯಾಪ್ ಬಿಚ್ಚುತ್ತಿದ್ದೆವು. ಫ್ರೇಮ್ ಚಿಕ್ಕದಾಗಿದೆ ಅನ್ನಿಸಿತು. ಮೌಂಟ್, ಅಂದರೆ ಚಿತ್ರದ ಸುತ್ತ ಹಾಕುವ ರಟ್ಟಿನ ಚೌಕಟ್ಟಿನ, ಕೆಳಗೆ ಅಂಚನ್ನು ಮಡಚಿಟ್ಟಿರಬಹುದು ಅಂದುಕೊಂಡು ತಿರುಗಿಸಿ ಹಿಂದಿನ ಟೇಪ್ ಕಿತ್ತೆ. ಮೌಂಟೇ ಇಲ್ಲ. ಹಾಳೆಯನ್ನು ಹಾರ್ಡ್‌ಬೋರ್ಡ್‌ಗೆ ಪೂರ್ತಿ ಗೋಂದು ಬಳಿದು ಅಂಟಿಸಿದ್ದಾರೆ. ತಗಡಿನ ಗುರುತಿಲ್ಲ, ಕೆಳಗಿನ ಸಾಲಿಲ್ಲ. ಬೆಟ್ಟದ ಬುಡಕ್ಕೇ ಬ್ಲೇಡ್ ಆಡಿಸಿದ್ದಾರೆ. ಅಂಗಡಿಗೆ ಫೋನ್ ಮಾಡಿದೆ. "ಖಾಲಿ ಪೇಪರ್ ಸಾರ್, ಹಳದಿ ಬೇರೆ ಆಗಿತ್ತು, ನೀಟಾಗಿ ಕಟ್ ಮಾಡಿದೀನಿ" ಅಂದ. ಕತ್ತರಿಸಿದ ಚೂರು? ಕಸದ ಗಾಡಿ ಬಂದು ಹೋಗಿತ್ತು. ಅವನನ್ನು ಬೈಯಲು ಬಾಯಿ ಬರಲಿಲ್ಲ. ನಾವು ಬರೆದಿದ್ದನ್ನು ಅಕ್ಷರಶಃ ಮಾಡಿದ್ದಾನೆ.

ಬಾಗಿಲು ತೆರೆಯಿತು. ಟೇಪ್ ಒತ್ತಿ ಅಂಟಿಸಿ ಫ್ರೇಮ್ ನಿಲ್ಲಿಸಿದೆ. ಕ್ಲೈಂಟ್ ಬಹಳ ಹೊತ್ತು ನೋಡಿದರು. "ಆಕಾಶ ಖಾಲಿ ಇದೆ ಅಲ್ವಾ, ಲೋಗೋ ಅಲ್ಲಿ ದೊಡ್ಡದಾಗಿ ಬರಲಿ" ಅಂದರು. ಕ್ಯಾಂಪೇನ್ ಪಾಸ್. ಪ್ರೂಫ್ ಬಂದಾಗ ರೇರಾ ನಂಬರ್ ಸಾಲನ್ನು ಮೂರು ಜನ ಲೂಪ್ (ಭೂತಗನ್ನಡಿ) ಹಿಡಿದು ಚೆಕ್ ಮಾಡಿದರು. ಅದು ತಪ್ಪಿದರೆ ದಂಡ.

ಈಗ ಒರಿಜಿನಲ್ ಯಾವುದೂ ಆಫೀಸಿಗೆ ಬರುವುದಿಲ್ಲ. ಕೊಡಲೇಬೇಕಾಗಿ ಬಂದರೆ ಚಲನ್ ನಾನೇ ಬರೆಯುತ್ತೇನೆ, ಕತ್ತರಿಸಬೇಡಿ, ಅಂಟಿಸಬೇಡಿ ಅಂತ ಕನ್ನಡದಲ್ಲೂ ಹಿಂದಿಯಲ್ಲೂ. ಆದರೂ ಒಂದು ವಿಷಯ ಕೊರೆಯುತ್ತಲೇ ಇದೆ. ಆ ಹಾಳೆಯ ಎಡಗಡೆ ಹೊಲಿಗೆಯ ತೂತುಗಳಿದ್ದವು. ಯಾರೋ ವ್ಯಾಪಾರಿ ಇಡೀ ಪುಸ್ತಕ ಹರಿದು ಹಾಳೆ ಹಾಳೆಯಾಗಿ ಮಾರಿದ್ದಾನೆ. ಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ. ಆ ತೂತು ನೋಡಿಯೇ, ಪುಸ್ತಕದ ಅಸಲಿ ಹಾಳೆ ಅಂತ ಖುಷಿಪಟ್ಟೇ, ನಾನು ದುಡ್ಡು ಕೊಟ್ಟಿದ್ದೆ. ಅಂಗಡಿಯವನ ಬ್ಲೇಡು ಎರಡನೆಯದು.

ನಷ್ಟ ಕೇಳಿದ್ದಕ್ಕೆ ಫೈನಾನ್ಸ್‌ನವರು ಮೊದಲು ಜಾಬ್ ನಂಬರ್ ಕೇಳಿದರು, ಆಮೇಲೆ ಜಿಎಸ್‌ಟಿ ಬಿಲ್. ಕೊನೆಗೆ ಫ್ರೇಮ್ ಖರ್ಚು ಮಾತ್ರ ಪಾಸಾಯಿತು, "ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್, ಫ್ರೇಮ್ ಸಹಿತ" ಅಂತ. ಏಜೆನ್ಸಿ ದುಡ್ಡಿನ ಫ್ರೇಮ್ ಆದ್ದರಿಂದ ಅಸೆಟ್ ರಿಜಿಸ್ಟರ್‌ಗೂ ಸೇರಿತು. ಬೇಕಿದ್ದರೆ ಚಿತ್ರ ಬಿಡಿಸಿಕೊಂಡು ಹೋಗಿ ಅಂತ ಅಡ್ಮಿನ್ ಮೇಡಂ ಹೇಳಿದ್ದಾರೆ, ಬೋರ್ಡ್ ಹಾಳಾಗಬಾರದಂತೆ.