ಕ್ಯಾನ್‌ಕೂನ್‌ನಿಂದ ತುಲುಮ್: ಒಂದು ದಿನ ಸಾಕಾ?

ಅಮೆರಿಕದಲ್ಲಿರುವ ಕನ್ನಡದವರು ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ರಜೆಗೆಂದು ಟಿಕೆಟ್ ಮಾಡಿಸಿದ ಕೂಡಲೇ ಕೇಳುವುದು ಇದನ್ನೇ: ಕಡಲಂಚಿನಲ್ಲಿರುವ, ಮಾಯಾ ಜನರ ಹಳೆಯ ಹಾಳೂರು ತುಲುಮನ್ನು ಬೆಳಿಗ್ಗೆ ಹೋಗಿ ಸಂಜೆಯೊಳಗೆ ನೋಡಿ ಬರಬಹುದಾ? ಧಾರಾಳವಾಗಿ. ಆದರೆ ಎಂಟಕ್ಕೆ ಬಾಗಿಲು ತೆಗೆಯುವಾಗ ಅಲ್ಲಿರಬೇಕು. ಹತ್ತರ ಮೇಲೆ ಟೂರ್ ಬಸ್ಸುಗಳು ಜನರನ್ನು ತಂದು ಸುರಿಯುತ್ತವೆ, ಒಳಗೆ ನೆರಳೂ ಕಡಿಮೆ.

ದೂರ ಸುಮಾರು 130 ಕಿ.ಮೀ., 307ನೇ ಹೆದ್ದಾರಿಯಲ್ಲಿ ಎರಡು ಗಂಟೆ. ಐದೂವರೆಗೇ ಹೊರಡಿ. ಎಡಿಒ ಕಂಪನಿಯ ಬಸ್ಸಾದರೆ ನಿಲ್ದಾಣದ ಹೆಸರು ನೋಡಿಕೊಳ್ಳಿ: ಬರೀ ‘ತುಲುಮ್’ ಅಂದರೆ ಪೇಟೆ, ‘ತುಲುಮ್ ರುಯಿನಾಸ್’ ಅಂದರೆ ಹಾಳೂರು. ನಡುವೆ ಮೂರ್ನಾಲ್ಕು ಕಿ.ಮೀ. ಇದೆ, ಹೆಚ್ಚಿನವರು ಎಡವುವುದು ಇಲ್ಲೇ. ದಾರಿಯಲ್ಲಿ ಸಿಗುವ ಪ್ಲಾಯಾ ದೆಲ್ ಕಾರ್ಮೆನ್ ಊರಲ್ಲಿ ಉಳಿದವರಿಗೆ ಕೊಲೆಕ್ತಿವೊ ವ್ಯಾನ್ ಸಾಕು. ನಮ್ಮ ಮ್ಯಾಕ್ಸಿಕ್ಯಾಬಿನ ಹಾಗೆ, ಸೀಟು ತುಂಬಿದರೆ ಹೊರಡುತ್ತದೆ. ಚಾಲಕನಿಗೆ ‘ರುಯಿನಾಸ್’ ಅಂದರೆ ಹೆದ್ದಾರಿಯಲ್ಲೇ ಇಳಿಸುತ್ತಾನೆ. ಅಲ್ಲಿಂದ ನಡಿಗೆ.

ಟಿಕೆಟ್ ಒಂದೇ ಅಲ್ಲ. ಹಾಳೂರನ್ನು ಒಳಗೊಂಡ ಜಾಗ್ವಾರ್ ಪಾರ್ಕಿನ ಶುಲ್ಕ ಬೇರೆ, ಅವಶೇಷಗಳದ್ದು ಬೇರೆ. ದರ ಬದಲಾಗುತ್ತಲೇ ಇರುತ್ತದೆ, ಪೇಸೊ ನಗದು ಇರಲಿ. ಭಾನುವಾರ ಮೆಕ್ಸಿಕೋದವರಿಗೆ ಅವಶೇಷಗಳ ಪ್ರವೇಶ ಉಚಿತ, ಆ ದಿನ ಬೇಡ.

ಒಳಗೆ ಎರಡು ಗಂಟೆ ಸಾಕು. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ 12 ಮೀಟರ್ ಎತ್ತರದ ಬಂಡೆ, ಕೆಳಗೆ ಕಡಲು. ಎಲ್ಲರೂ ಅಲ್ಲಿನ ದೊಡ್ಡ ಕಟ್ಟಡ ಕಾಸ್ತಿಯೊ ಮುಂದೆ ಫೋಟೊ ತೆಗೆಯುತ್ತಾರೆ. ಬೆಳಿಗ್ಗೆ ಸೂರ್ಯ ಅದರ ಬೆನ್ನಿಗಿರುವುದರಿಂದ ಕಟ್ಟಡ ಕಪ್ಪಾಗಿ ಬೀಳುತ್ತದೆ. ಉತ್ತರದ ಗಾಳಿದೇವರ ಗುಡಿಯ ಕಡೆಗೆ ಹೋಗಿ, ಅಲ್ಲಿಂದ ಕಾಣುವ ಕಾಸ್ತಿಯೊದ ಕಡಲ ಕಡೆಯ ಗೋಡೆಗೆ ಬಿಸಿಲು ಬಿದ್ದಿರುತ್ತದೆ. ಕಾಸ್ತಿಯೊ ಪಕ್ಕದ ಪುಟ್ಟ ಗುಡಿಯನ್ನು ಮಾತ್ರ ತಪ್ಪಿಸಬೇಡಿ. ಬಾಗಿಲ ಮೇಲಿನ ಗೂಡಿನಲ್ಲಿ ಗಾರೆಯ ದೇವರು, ತಲೆ ಕೆಳಗೆ, ಕಾಲು ಮೇಲೆ, ಆಕಾಶದಿಂದ ಧುಮುಕುತ್ತಿರುವ ಹಾಗೆ. ಗೋಡೆ, ಬಾಗಿಲು ಎರಡೂ ಓರೆ. ಕುಸಿದದ್ದಲ್ಲ, ಕಟ್ಟಿದ್ದೇ ಹಾಗೆ.

ಈಜುವ ಆಸೆಯಿದ್ದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸರ್ಗಾಸೊ ಪಾಚಿ ದಡಕ್ಕೆ ರಾಶಿ ಬಿದ್ದು ಕೊಳೆತು ನಾರುವುದುಂಟು. ಆಗ ಕಡಲು ಬಿಟ್ಟು ಸೆನೋತೆಗೆ, ಅಂದರೆ ಸುಣ್ಣಕಲ್ಲು ಕುಸಿದು ಆದ ಸಿಹಿನೀರಿನ ಹೊಂಡಕ್ಕೆ ಹೋಗಿ, ಸನ್‌ಸ್ಕ್ರೀನ್ ತೊಳೆದೇ ಇಳಿಯಿರಿ. ಅದೇ ದಿನ ಒಳನಾಡಿನ ಇನ್ನೊಂದು ಮಾಯಾ ಹಾಳೂರು ಚಿಚೆನ್ ಇತ್ಸಾವನ್ನೂ ಸೇರಿಸಿದರೆ ಅರ್ಧ ದಿನ ವಾಹನದಲ್ಲೇ ಹೋಗುತ್ತದೆ.

ಸಸ್ಯಾಹಾರಿಗಳು ಪೇಟೆಯಲ್ಲಿ ಉಣ್ಣುವಾಗ ‘ಸಿನ್ ಮಂತೇಕಾ’ (ಹಂದಿ ಕೊಬ್ಬು ಬೇಡ) ಅನ್ನಿ. ಅಲ್ಲಿ ಬೀನ್ಸ್ ಕಾಳು ಹಿಸುಕಿ ಹುರಿಯುವುದು ಸಾಮಾನ್ಯವಾಗಿ ಹಂದಿ ಕೊಬ್ಬಿನಲ್ಲಿ.